ತೆರೆಯದ ಬಾಗಿಲೂ ಸಾಕ್ಷಿ ಹೇಳುತ್ತದೆ

ತೊಗರಿ ರಾಶಿಯ ಕಾಲ. ಜೇವರ್ಗಿ ತಾಲ್ಲೂಕಿನ ಕೊಳಕೂರದಲ್ಲಿ ಇಬ್ಬರು ರೈತರ ಕಣಗಳು ಅಕ್ಕಪಕ್ಕದಲ್ಲಿವೆ ಎಂದುಕೊಳ್ಳಿ. ಒಂದು ರಾತ್ರಿ ನಾಯಿ ಒಂದೇ ಸಮನೆ ಬೊಗಳುತ್ತದೆ. ಕತ್ತಲಲ್ಲಿ ಯಾರೋ ಓಡಿಹೋದ ಸಪ್ಪಳ. ಬೆಳಿಗ್ಗೆ ಎಣಿಸಿ ನೋಡಿದರೆ ಚೀಲಗಳೆಲ್ಲ ಇದ್ದಲ್ಲೇ ಇವೆ. ಮೊದಲನೆಯ ರೈತ ‘ಏನೂ ಹೋಗಿಲ್ಲವಲ್ಲ’ ಎಂದು ಸಮಾಧಾನಪಟ್ಟು ತನ್ನ ಕೆಲಸಕ್ಕೆ ಹೋಗುತ್ತಾನೆ. ಎರಡನೆಯವನು ಹಾಗೆ ಮಾಡುವುದಿಲ್ಲ. ಹೆಜ್ಜೆಗುರುತು ಯಾವ ಕಡೆಯಿಂದ ಬಂದಿದೆ, ಬಂದವರು ಒಬ್ಬರೇ ಇಬ್ಬರೇ ಎಂದು ನೋಡುತ್ತಾನೆ. ಆಮೇಲೆ ಸುತ್ತಲಿನ ಕಣದವರಿಗೆಲ್ಲ ಹೇಳಿಬರುತ್ತಾನೆ. ಇಬ್ಬರಲ್ಲಿ ಜಾಣ ಯಾರು ಎಂದು ಬೇರೆ ಹೇಳಬೇಕಾಗಿಲ್ಲ.

ಕಂಪ್ಯೂಟರ್ ಲೋಕದಲ್ಲಿಯೂ ಇಂಥ ಬೊಗಳುವಿಕೆ ದಿನವೂ ನಡೆಯುತ್ತದೆ. ಆದರೆ ಅಲ್ಲಿ ನಮ್ಮಲ್ಲಿ ಬಹುತೇಕರು ಮೊದಲನೆಯ ರೈತನಂತೆಯೇ ನಡೆದುಕೊಳ್ಳುತ್ತಾರೆ.

ಕೊಳಕೂರದಿಂದ ಕಲಬುರಗಿಗೆ ಓದಲು ಹೋದ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ಕಾಲೇಜು ಕೊಟ್ಟ ಇ-ಮೇಲ್ ಖಾತೆಗೆ ಒಂದು ಪತ್ರ ಬಂದಿದೆ. ‘ವಿದ್ಯಾರ್ಥಿವೇತನದ ಪಟ್ಟಿ ನೋಡಲು ಇಲ್ಲಿ ಒತ್ತಿ.’ ಒತ್ತಿದಳು. ಯಾವುದೋ ಆ್ಯಪ್ ಅವಳ ಒಪ್ಪಿಗೆ ಕೇಳಿತು. ಒಪ್ಪಿದಳು. ಆದರೆ ಪರದೆಯ ಮೇಲೆ ಬಂದದ್ದು ಪಟ್ಟಿಯಲ್ಲ. ‘ಇದಕ್ಕೆ ನಿರ್ವಾಹಕರ ಅನುಮೋದನೆ ಬೇಕು’ ಎಂಬ ಸೂಚನೆ. ಅವಳು ಬೇಸರಪಟ್ಟು ಫೋನು ಮುಚ್ಚಿಟ್ಟಳು. ಇಲ್ಲಿಗೆ ಕಥೆ ಮುಗಿಯಿತೇ? ಇಲ್ಲ, ಇಲ್ಲಿಂದಲೇ ಶುರುವಾಗುತ್ತದೆ.

ಕೀಲಿಯಲ್ಲ, ಚೀಟಿ

ಮೊದಲು ಈ ‘ಒಪ್ಪಿಗೆ’ ಎಂದರೇನು ಎಂದು ತಿಳಿಯೋಣ. ಇಂದು ನಮ್ಮ ಪತ್ರಗಳು, ಫೋಟೊಗಳು, ಅಂಕಪಟ್ಟಿಗಳು ನಮ್ಮ ಫೋನಿನಲ್ಲಷ್ಟೇ ಇರುವುದಿಲ್ಲ. ದೂರದಲ್ಲೆಲ್ಲೋ ಇರುವ ದೊಡ್ಡ ಕಂಪನಿಗಳ ಕಂಪ್ಯೂಟರುಗಳಲ್ಲಿರುತ್ತವೆ. ಇದಕ್ಕೇ ‘ಕ್ಲೌಡ್’ ಎಂದು ಹೆಸರು. ಬಾಡಿಗೆ ಗೋದಾಮಿನಲ್ಲಿ ತೊಗರಿ ಚೀಲ ಇಟ್ಟ ಹಾಗೆ. ಮಾಲು ನಮ್ಮದು, ಕಟ್ಟಡ ಬೇರೆಯವರದು, ಬಾಗಿಲಲ್ಲಿ ಕಾವಲುಗಾರ.

ಈಗ ಇನ್ನೊಬ್ಬರಿಗೆ ಆ ಮಾಲಿನ ಸ್ವಲ್ಪ ಭಾಗ ಬೇಕಾಗಿದೆ ಎನ್ನಿ. ಅವರ ಕೈಗೆ ಕೀಲಿಯನ್ನೇ ಕೊಡುವುದು ಅಪಾಯ. ಅದರ ಬದಲು ಕಾವಲುಗಾರನಿಗೆ ಒಂದು ಚೀಟಿ ಬರೆದುಕೊಡಬಹುದು: ‘ಇವರಿಗೆ ಎರಡು ಚೀಲ ತೊಗರಿ ಕೊಡು’. ಇದೇ ಉಪಾಯವನ್ನು ಕಂಪ್ಯೂಟರುಗಳಿಗೆ ಅಳವಡಿಸಿದ ಪದ್ಧತಿಗೆ ‘ಓಆತ್’ ಎಂದು ಹೆಸರು. ಇದರ ಎರಡನೆಯ ಆವೃತ್ತಿ 2012ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಯಾವುದೋ ಜಾಲತಾಣದಲ್ಲಿ ‘ಗೂಗಲ್ ಮೂಲಕ ಒಳಗೆ ಬನ್ನಿ’ ಎಂಬ ಗುಂಡಿ ಕಾಣುತ್ತದಲ್ಲ, ಅದರ ಹಿಂದೆ ಕೆಲಸ ಮಾಡುವುದು ಇದೇ. ಡಿಜಿಲಾಕರಿನಲ್ಲಿರುವ ಅಂಕಪಟ್ಟಿಯನ್ನು ಮತ್ತೊಂದು ಸಂಸ್ಥೆಗೆ ತೋರಿಸಲು ಅದು ನಮ್ಮ ಒಪ್ಪಿಗೆ ಕೇಳುವುದೂ ಈ ಪದ್ಧತಿಯಿಂದಲೇ. ಪಾಸ್‌ವರ್ಡ್ ಹೊರಗಿನವರ ಕೈಗೆ ಹೋಗುವುದಿಲ್ಲ. ಹೋಗುವುದು ‘ಟೋಕನ್’ ಎಂಬ ಚೀಟಿ ಮಾತ್ರ.

ಉಪಾಯ ಒಳ್ಳೆಯದೇ. ಆದರೆ ಚೀಟಿಯಲ್ಲಿ ಏನು ಬರೆದಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ‘ಎರಡು ಚೀಲ ಕೊಡು’ ಎನ್ನುವ ಬದಲು ‘ಇವನು ಕೇಳಿದ್ದನ್ನೆಲ್ಲ, ಕೇಳಿದಾಗಲೆಲ್ಲ ಕೊಡುತ್ತಿರು’ ಎಂದಿದ್ದರೆ? ಓದಲು ಬಾರದವರಿಂದ ಸಾಲಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡು ಹೊಲ ಬರೆಸಿಕೊಳ್ಳುತ್ತಿದ್ದ ಕಾಲವನ್ನು ಹಿರಿಯರು ಬಲ್ಲರು. ಇಂದು ಓದಲು ಬರುವ ಮಕ್ಕಳೇ ಓದದೆ ‘ಅನುಮತಿಸಿ’ ಎಂಬ ಗುಂಡಿ ಒತ್ತುತ್ತಾರೆ. ಒತ್ತುವುದು ಅದೇ ಹೆಬ್ಬೆಟ್ಟಿನಿಂದ.

ಇನ್ನೂ ಒಂದು ತೊಡಕಿದೆ. ಇಲ್ಲಿ ಮೋಸಗಾರ ನಕಲಿ ಪುಟ ತೋರಿಸುವುದಿಲ್ಲ. ಬರುವುದು ಗೂಗಲ್ಲಿನ ಅಥವಾ ಮೈಕ್ರೋಸಾಫ್ಟಿನ ಅಸಲಿ ಪುಟವೇ. ಹಾಕುವುದು ಅಸಲಿ ಪಾಸ್‌ವರ್ಡು, ಬರುವ ಒಟಿಪಿಯೂ ಅಸಲಿ. ಹೀಗಾಗಿ ಒಟಿಪಿ ಇದನ್ನು ತಡೆಯಲಾರದು. ಮನೆಯ ಯಜಮಾನನೇ ಸಹಿ ಮಾಡಿದ ಚೀಟಿಯನ್ನು ಕಾವಲುಗಾರ ಹೇಗೆ ನಿರಾಕರಿಸಿಯಾನು? ಅನಂತರ ಪಾಸ್‌ವರ್ಡ್ ಬದಲಾಯಿಸಿದ ಮಾತ್ರಕ್ಕೆ ಕೊಟ್ಟ ಒಪ್ಪಿಗೆ ತಾನಾಗಿ ರದ್ದಾಗುತ್ತದೆ ಎಂದು ನಂಬುವಂತಿಲ್ಲ. ಬೀಗ ಬದಲಾದರೂ ಚೀಟಿ ಚೀಟಿಯೇ. ಅದನ್ನು ಬೇರೆಯಾಗಿ ಹರಿದುಹಾಕಬೇಕು.

ಒಂದು ಗಂಟೆಯ ಕಾಡ್ಗಿಚ್ಚು

ಇದು ಬರಿಯ ಊಹೆಯಲ್ಲ. 2017ರ ಮೇ 3ರಂದು ಜಗತ್ತಿನ ಹಲವೆಡೆ ಜನರಿಗೆ ತಮ್ಮ ಪರಿಚಯದವರಿಂದಲೇ ಒಂದು ಇ-ಮೇಲ್ ಬಂದಿತು. ‘ನಿಮ್ಮೊಂದಿಗೆ ಒಂದು ದಾಖಲೆ ಹಂಚಿಕೊಂಡಿದ್ದೇನೆ’ ಎಂದು ಅದರಲ್ಲಿತ್ತು. ಒತ್ತಿದರೆ ಗೂಗಲ್ಲಿನ ಅಸಲಿ ಪುಟ. ಒಪ್ಪಿಗೆ ಕೇಳಿದ ಆ್ಯಪಿನ ಹೆಸರು ‘ಗೂಗಲ್ ಡಾಕ್ಸ್’. ಆದರೆ ಅದು ಗೂಗಲ್ಲಿನದಲ್ಲ; ಯಾರೋ ಆ ಹೆಸರಿಟ್ಟು ನೋಂದಾಯಿಸಿದ ಆ್ಯಪ್. ಒಪ್ಪಿದವರ ಪತ್ರಗಳನ್ನು ಓದುವ, ಕಳಿಸುವ, ಅಳಿಸುವ ಅಧಿಕಾರ ಅದಕ್ಕೆ ಸಿಕ್ಕಿತು. ವಿಳಾಸಪಟ್ಟಿಯೂ ಸಿಕ್ಕಿತು. ಕೂಡಲೇ ಆ ಪಟ್ಟಿಯಲ್ಲಿದ್ದವರಿಗೆಲ್ಲ ಅದೇ ಪತ್ರ ಹೊರಟಿತು. ಗೂಗಲ್ ಸುಮಾರು ಒಂದು ಗಂಟೆಯೊಳಗೆ ಅದನ್ನು ನಿಲ್ಲಿಸಿತು. ತನ್ನ ಬಳಕೆದಾರರಲ್ಲಿ ಶೇಕಡಾ 0.1ಕ್ಕಿಂತ ಕಡಿಮೆ ಜನರಿಗೆ ಮಾತ್ರ ತಟ್ಟಿದೆ ಎಂದು ತಿಳಿಸಿತು. ಆದರೆ ನೂರು ಕೋಟಿಗೂ ಹೆಚ್ಚು ಬಳಕೆದಾರರಿರುವಲ್ಲಿ ಈ ಚಿಕ್ಕ ಭಾಗವೂ ಚಿಕ್ಕದಲ್ಲ. ನೂರು ಕೋಟಿಯ ಶೇಕಡಾ 0.1 ಎಂದರೆ ಹತ್ತು ಲಕ್ಷ. ಲೆಕ್ಕವನ್ನು ಮಕ್ಕಳೇ ಮಾಡಿ ನೋಡಲಿ.

ತಿಳಿಯದವರು ಮಾತ್ರ ಮೋಸಹೋಗುತ್ತಾರೆ ಎಂದು ಭಾವಿಸಬೇಡಿ. ಕಂಪ್ಯೂಟರ್ ಸುರಕ್ಷತೆಯನ್ನೇ ಕಲಿಸುವ ಅಮೆರಿಕದ ಹೆಸರಾಂತ ಸಂಸ್ಥೆ ಸ್ಯಾನ್ಸ್ 2020ರಲ್ಲಿ ಇದೇ ಬಲೆಗೆ ಬಿತ್ತು. ಅಲ್ಲಿನ ಒಬ್ಬ ನೌಕರರು ಒಂದು ಮೋಸದ ಪತ್ರವನ್ನು ನಂಬಿ ಯಾವುದೋ ಆ್ಯಪಿಗೆ ಒಪ್ಪಿಗೆ ಕೊಟ್ಟಿದ್ದರು. ಆಗಸ್ಟ್ 6ರಂದು ಇ-ಮೇಲ್ ವ್ಯವಸ್ಥೆಯನ್ನು ಪರಿಶೀಲಿಸುವಾಗ, ಆ ಖಾತೆಯಿಂದ ಪತ್ರಗಳು ತಾವಾಗಿ ಹೊರಗಿನ ವಿಳಾಸಕ್ಕೆ ಹೋಗುತ್ತಿದ್ದುದು ಕಂಡುಬಂದಿತು. 513 ಪತ್ರಗಳು ಹೋಗಿದ್ದವು. ಅವುಗಳಲ್ಲಿ ಸುಮಾರು 28,000 ಜನರ ವೈಯಕ್ತಿಕ ವಿವರಗಳ ದಾಖಲೆಗಳಿದ್ದವು. ಆ ಸಂಸ್ಥೆ ಮುಚ್ಚಿಡದೆ ನಡೆದದ್ದನ್ನು ಜಗತ್ತಿಗೆ ತಿಳಿಸಿತು. ಇತರರು ಕಲಿಯಲಿ ಎಂದು ವಿವರಗಳನ್ನೂ ಪ್ರಕಟಿಸಿತು. ಇದು ಗಮನಿಸಬೇಕಾದ ನಡೆ.

ಗಮನಿಸಿ: ಒಪ್ಪಿದ್ದು ಒಬ್ಬರು, ವಿವರ ಹೋದದ್ದು ಸಾವಿರಾರು ಜನರದು. ಒಪ್ಪಿಗೆ ನನ್ನದೊಂದೇ ವಿಷಯ ಎಂಬುದು ಸುಳ್ಳು. ಒಬ್ಬರ ಅಂಚೆಪೆಟ್ಟಿಗೆಯಲ್ಲಿ ಅನೇಕರ ಗುಟ್ಟುಗಳಿರುತ್ತವೆ.

ತಡೆ ಬೀಳುವುದು ಹೇಗೆ?

ಇಂಥ ಘಟನೆಗಳಿಂದ ಕಂಪನಿಗಳು ಪಾಠ ಕಲಿತವು. ಗೂಗಲ್ 2017ರ ಜುಲೈಯಲ್ಲಿ, ತಾನು ಪರಿಶೀಲಿಸದ ಹೊಸ ಆ್ಯಪುಗಳು ಒಪ್ಪಿಗೆ ಕೇಳಿದಾಗ ಎದ್ದುಕಾಣುವ ಎಚ್ಚರಿಕೆಯ ಪುಟವನ್ನು ತೋರಿಸತೊಡಗಿತು. ಶಾಲೆಗಳು ಬಳಸುವ ಗೂಗಲ್ ಖಾತೆಗಳಲ್ಲಿ 18 ವರ್ಷದೊಳಗಿನವರು, ಶಾಲೆಯ ನಿರ್ವಾಹಕರು ಒಪ್ಪದ ಹೊರಗಿನ ಆ್ಯಪುಗಳೊಳಗೆ ಆ ಖಾತೆಯಿಂದ ಹೋಗದಂತೆ 2023ರ ಅಕ್ಟೋಬರಿನಿಂದ ತಡೆ ಬಂದಿತು.

ಮೈಕ್ರೋಸಾಫ್ಟಿನ ವ್ಯವಸ್ಥೆ ಇನ್ನೊಂದು ಬಗೆಯದು. ಬಳಕೆದಾರರು ಒಪ್ಪಿಗೆ ಕೊಡಲು ಹೋದಾಗ ಅದು ಆ ಆ್ಯಪನ್ನು ತೂಗಿ ನೋಡುತ್ತದೆ. ಮಾಡಿದವರು ಯಾರು? ಅವರ ಗುರುತು ಖಚಿತವಾಗಿದೆಯೇ? ಆ್ಯಪ್ ನೋಂದಣಿಯಾದದ್ದು ಹೊಸದಾಗಿಯೇ? ಹೆಸರು, ಇ-ಮೇಲ್ ವಿಳಾಸದಂಥ ಸಾಮಾನ್ಯ ವಿವರಗಳಿಗಿಂತ ಹೆಚ್ಚಿನದನ್ನು ಕೇಳುತ್ತಿದೆಯೇ? ಅಪಾಯವಿದೆ ಎಂದು ತೋರಿದರೆ ಬಳಕೆದಾರರ ಒಪ್ಪಿಗೆಯನ್ನು ಅಲ್ಲಿಗೇ ನಿಲ್ಲಿಸಿ, ಸಂಸ್ಥೆಯ ನಿರ್ವಾಹಕರನ್ನು ಕೇಳಿ ಎನ್ನುತ್ತದೆ. ನಮ್ಮ ವಿದ್ಯಾರ್ಥಿನಿಗೆ ಕಂಡದ್ದು ಇದೇ ಪುಟ. ಗುರುತು ಖಚಿತವಾಗದವರ ಹೊಸ ಆ್ಯಪುಗಳಿಗೆ ಸಾಮಾನ್ಯ ಬಳಕೆದಾರರು ಒಪ್ಪಿಗೆ ಕೊಡುವುದನ್ನು ಆ ಕಂಪನಿ 2020ರ ನವೆಂಬರಿನಿಂದ ನಿರ್ಬಂಧಿಸಿತು.

ಹೀಗೆ ತಡೆದಾಗ ಇನ್ನೊಂದು ಕೆಲಸವೂ ಸದ್ದಿಲ್ಲದೆ ನಡೆಯುತ್ತದೆ. ವ್ಯವಸ್ಥೆಯ ದಿನಚರಿಯಲ್ಲಿ ಒಂದು ಸಾಲು ದಾಖಲಾಗುತ್ತದೆ. ಇದಕ್ಕೆ ‘ಆಡಿಟ್ ಲಾಗ್’ ಎನ್ನುತ್ತಾರೆ. ಆ ಸಾಲಿನ ತಾತ್ಪರ್ಯ ಹೀಗೆ: ಇಂಥ ದಿನ, ಇಂಥ ಗಂಟೆಗೆ, ಇಂಥ ಖಾತೆಯವರು, ಇಂಥ ಆ್ಯಪಿಗೆ ಒಪ್ಪಿಗೆ ಕೊಡಲು ಹೋದರು, ವಿಫಲವಾಯಿತು, ಕಾರಣ, ಅಪಾಯಕಾರಿ ಆ್ಯಪ್ ಪತ್ತೆ.

ದಿನಚರಿ ಓದುವ ವಿದ್ಯೆ

ಕಾಲೇಜಿನಲ್ಲಿ ಕಂಪ್ಯೂಟರ್ ವ್ಯವಸ್ಥೆ ನೋಡಿಕೊಳ್ಳುವವರು ಈ ಸಾಲನ್ನು ಕಂಡು ಎರಡು ಬಗೆಯಲ್ಲಿ ಯೋಚಿಸಬಹುದು. ‘ತಡೆದಾಯಿತಲ್ಲ, ಇನ್ನೇನು?’ ಎನ್ನುವುದು ಒಂದು. ‘ಇವಳಿಗೆ ಈ ಆ್ಯಪಿನ ದಾರಿ ತೋರಿಸಿದವರು ಯಾರು?’ ಎಂದು ಕೇಳುವುದು ಇನ್ನೊಂದು. ವಿಜ್ಞಾನದ ದಾರಿ ಎರಡನೆಯದು.

ಆಗ ಪ್ರಶ್ನೆಗಳು ಒಂದರ ಹಿಂದೊಂದು ಬರುತ್ತವೆ. ಇದೇ ಆ್ಯಪಿಗೆ ಬೇರೆ ಯಾರಾದರೂ ಒಪ್ಪಿಗೆ ಕೊಡಲು ಹೋಗಿದ್ದಾರೆಯೇ? ವಾರಕ್ಕೆ ಒಂದೆರಡು ತಡೆಗಳಿರುವ ಕಾಲೇಜಿನಲ್ಲಿ ಒಂದು ಬೆಳಿಗ್ಗೆ 10ರಿಂದ 11ರೊಳಗೆ 14 ಜನರ ಹೆಸರು ಕಂಡರೆ, ಅದು ಆಕಸ್ಮಿಕವಲ್ಲ. ಯಾರೋ ಎಲ್ಲರಿಗೂ ಒಂದೇ ಗಾಳ ಹಾಕಿದ್ದಾರೆ. ಹೆಸರು ಬದಲಿಸಿಕೊಂಡು ಬಂದಿದೆಯೇ? ಪ್ರತಿ ಆ್ಯಪಿಗೂ ಉದ್ದನೆಯ ಒಂದು ಗುರುತುಸಂಖ್ಯೆ ಇರುತ್ತದೆ. ತೋರಿಕೆಯ ಹೆಸರನ್ನು ನಂಬದೆ ಈ ಸಂಖ್ಯೆಯನ್ನು ಹೋಲಿಸಬೇಕು. ಅದು ಏನೇನು ಕೇಳಿತ್ತು? ಹೆಸರು ಮಾತ್ರವೋ, ಪತ್ರ ಓದುವುದೋ, ನಮ್ಮ ಹೆಸರಿನಲ್ಲಿ ಪತ್ರ ಕಳಿಸುವುದೋ? ‘ನೀವು ಬಳಸದಿರುವಾಗಲೂ ಸಂಪರ್ಕ ಉಳಿಸಿಕೊಳ್ಳುತ್ತೇನೆ’ ಎಂದೂ ಕೇಳಿತ್ತೋ?

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಇದು: ಇದೇ ಗುರುತುಸಂಖ್ಯೆಯ ಆ್ಯಪಿಗೆ ಯಾರದಾದರೂ ಒಪ್ಪಿಗೆ ಸಫಲವಾಗಿದೆಯೇ? ಹದಿಮೂರು ಕಡೆ ತಡೆ ಬಿದ್ದು ಒಂದು ಕಡೆ ಬಾಗಿಲು ತೆರೆದಿರಬಹುದು. ಆ ಒಬ್ಬರಿಗೆ ಏನೂ ಅನುಮಾನ ಬಂದಿರುವುದಿಲ್ಲ, ಏಕೆಂದರೆ ಅವರ ಪರದೆಯ ಮೇಲೆ ಯಾವ ಎಚ್ಚರಿಕೆಯೂ ಬಂದಿಲ್ಲ. ಅವರನ್ನು ಹುಡುಕಿಕೊಡುವುದು ತಡೆಯಲ್ಪಟ್ಟವರ ಸಾಲುಗಳೇ. ವಿಫಲವಾದ ಪ್ರಯತ್ನ ಸಫಲವಾದ ಕಳ್ಳತನದ ಕಡೆಗೆ ಬೆರಳು ತೋರಿಸುತ್ತದೆ.

ಇದಕ್ಕೆ ಕಾಲದ ಮಿತಿಯೂ ಇದೆ. ಮೈಕ್ರೋಸಾಫ್ಟಿನ ‘ಎಂಟ್ರಾ’ ಎಂಬ ಗುರುತಿನ ವ್ಯವಸ್ಥೆಯ ಉಚಿತ ದರ್ಜೆಯಲ್ಲಿ ಈ ದಿನಚರಿ ಉಳಿಯುವುದು 7 ದಿನ, ಹಣ ಕೊಟ್ಟು ಪಡೆಯುವ ದರ್ಜೆಯಲ್ಲಿ 30 ದಿನ. ಮಳೆ ಬಂದರೆ ಕಣದ ಹೆಜ್ಜೆಗುರುತು ಅಳಿಸಿಹೋಗುವಂತೆ ಇದೂ ಅಳಿಸಿಹೋಗುತ್ತದೆ. ಆದ್ದರಿಂದ ಹೇಳಬೇಕಾದವರು ಬೇಗ ಹೇಳಬೇಕು, ನೋಡಬೇಕಾದವರು ಬೇಗ ನೋಡಬೇಕು.

ಹಾಗೆಂದು ತಡೆ ಬಿದ್ದದ್ದೆಲ್ಲ ಕಳ್ಳತನವೇ ಅಲ್ಲ. ಯಾರೋ ಶಿಕ್ಷಕರು ಕನ್ನಡದಲ್ಲಿ ರಸಪ್ರಶ್ನೆಯ ಒಂದು ಹೊಸ ಆ್ಯಪ್ ಮಾಡಿದ್ದು, ಇನ್ನೂ ಗುರುತು ಖಚಿತಪಡಿಸಿಕೊಳ್ಳದಿದ್ದರೆ ಅದೂ ತಡೆಗೆ ಸಿಕ್ಕೀತು. ಗಾಳಿಗೆ ಬಾಗಿಲು ಬಡಿದರೂ ನಾಯಿ ಬೊಗಳುತ್ತದೆ. ಇದು ಸುಳ್ಳು ಎಚ್ಚರಿಕೆ. ಇದರ ವಿರುದ್ಧವೂ ಆಗಬಹುದು: ಕಳ್ಳ ಬಂದರೂ ನಾಯಿ ಸುಮ್ಮನಿರಬಹುದು. 2023ರ ಜನವರಿಯಲ್ಲಿ ಹೊರಬಿದ್ದ ಪ್ರಕರಣವೊಂದರಲ್ಲಿ ಮೋಸಗಾರರು ನಿಜವಾದ ಕಂಪನಿಗಳ ಸೋಗು ಹಾಕಿ, ಮೈಕ್ರೋಸಾಫ್ಟಿನಿಂದ ‘ಗುರುತು ಖಚಿತ’ ಎಂಬ ನೀಲಿ ಮುದ್ರೆಯನ್ನೇ ಪಡೆದಿದ್ದರು. ಅವರ ಗುರಿ ಹೆಚ್ಚಾಗಿ ಬ್ರಿಟನ್ ಮತ್ತು ಐರ್ಲೆಂಡಿನವರಾಗಿದ್ದರು. ವೈದ್ಯರ ಪರೀಕ್ಷೆಗಳಿಗೂ, ಮಳೆಯ ಮುನ್ಸೂಚನೆಗೂ ಈ ಎರಡು ಬಗೆಯ ತಪ್ಪು ತಪ್ಪಿದ್ದಲ್ಲ. ಯಂತ್ರದ ತೀರ್ಪು ಕೊನೆಯ ಮಾತಲ್ಲ, ವಿಚಾರಣೆಯ ಮೊದಲ ಮಾತು.

ಬೆಂಗಳೂರಿನ ಪಾಠ

ಕಾಲೇಜಿನ ಖಾತೆಗಾದರೆ ನಿರ್ವಾಹಕರಿರುತ್ತಾರೆ. ಮನೆಯ ಫೋನಿಗೆ ಯಾರಿದ್ದಾರೆ? ಅಲ್ಲಿ ಒಪ್ಪಿಗೆಯ ಬೆಲೆ ಏನೆಂಬುದನ್ನು ನಮ್ಮ ರಾಜ್ಯವೇ ಕಂಡಿದೆ. ಕ್ಷಣದಲ್ಲಿ ಸಾಲ ಕೊಡುವ ಆ್ಯಪುಗಳು ಕೊರೊನಾ ಕಾಲದಲ್ಲಿ ಹಬ್ಬಿದವು. ಸಾಲ ಪಡೆಯುವ ಆತುರದಲ್ಲಿ ಜನ ತಮ್ಮ ಫೋನಿನ ಹೆಸರುಪಟ್ಟಿ, ಫೋಟೊ ಎಲ್ಲಕ್ಕೂ ‘ಅನುಮತಿಸಿ’ ಒತ್ತಿದರು. ಕಂತು ತಪ್ಪಿದಾಗ ಆ ಪಟ್ಟಿಯಲ್ಲಿದ್ದ ಬಂಧುಗಳಿಗೆ, ಸಹೋದ್ಯೋಗಿಗಳಿಗೆ ಕರೆ ಹೋದವು. ಮರ್ಯಾದೆ ಕಳೆಯುವ ಬೆದರಿಕೆಗಳು ಬಂದವು. ಬೆಂಗಳೂರು ನಗರದ ಸೈಬರ್ ಅಪರಾಧ ಠಾಣೆಯಲ್ಲಿ ದಾಖಲಾದ 18 ಎಫ್‌ಐಆರ್‌ಗಳ ಆಧಾರದ ಮೇಲೆ ಜಾರಿ ನಿರ್ದೇಶನಾಲಯ 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಲ್ಲಿ ಶೋಧ ನಡೆಸಿತು. ಅದೇ ತಿಂಗಳ 2ರಂದು ರಿಸರ್ವ್ ಬ್ಯಾಂಕ್ ಹೊಸ ನಿಯಮ ಹೊರಡಿಸಿತು. ಅದರಂತೆ ಸಾಲದ ಆ್ಯಪುಗಳು ಫೋನಿನ ಕಡತಗಳು, ಹೆಸರುಪಟ್ಟಿ, ಕರೆಗಳ ವಿವರ ಇವುಗಳನ್ನು ಮುಟ್ಟುವಂತಿಲ್ಲ. ಒಪ್ಪಿಗೆ ಕೊಟ್ಟವರನ್ನು ದೂರಿ ಸುಮ್ಮನಾಗದೆ, ಕೇಳುವವರ ಕೈಯನ್ನೇ ಕಟ್ಟಿದ ನಿಯಮ ಇದು.

ಈ ವಿಚಾರದಲ್ಲಿ ದೇಶಕ್ಕೆ ದಾರಿ ತೋರಿದ ಹೆಸರೊಂದು ಕರ್ನಾಟಕದ್ದೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ಕುರಿತು ಸುಪ್ರೀಂ ಕೋರ್ಟಿಗೆ ಹೋದರು. ಆ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತು. ಅನಂತರ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂದಿತು. ಒಪ್ಪಿಗೆ ಮುಕ್ತವಾಗಿರಬೇಕು, ನಿರ್ದಿಷ್ಟವಾಗಿರಬೇಕು, ತಿಳಿದು ಕೊಟ್ಟದ್ದಾಗಿರಬೇಕು ಎನ್ನುತ್ತದೆ ಕಾಯಿದೆ. ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯುವಂತಿರಬೇಕು ಎಂದೂ ಹೇಳುತ್ತದೆ. ವಿವರವನ್ನು ಕನ್ನಡವೂ ಸೇರಿದಂತೆ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕು. 18 ವರ್ಷದೊಳಗಿನವರ ವಿಷಯದಲ್ಲಿ ತಂದೆತಾಯಿಯರ ಒಪ್ಪಿಗೆ ಬೇಕು. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಜಾರಿ ಮಾತ್ರ ಹಂತ ಹಂತವಾಗಿ. ಕಾನೂನು ಬಂದರೂ ಗುಂಡಿಯ ಮೇಲಿನ ಹೆಬ್ಬೆಟ್ಟು ನಮ್ಮದೇ ಎಂಬುದನ್ನು ಮರೆಯುವಂತಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು

ಈ ಭಾನುವಾರ ಮಕ್ಕಳೂ ಹಿರಿಯರೂ ಜೊತೆಗೆ ಕೂತು ಒಂದು ಕೆಲಸ ಮಾಡಬಹುದು. ಫೋನಿನಲ್ಲಿ ಗೂಗಲ್ ಖಾತೆಯನ್ನು ತೆರೆದು ಭದ್ರತೆಯ ಭಾಗಕ್ಕೆ ಹೋಗಿ. ಹೊರಗಿನ ಯಾವ ಯಾವ ಆ್ಯಪುಗಳಿಗೆ ಸಂಪರ್ಕ ಕೊಡಲಾಗಿದೆ ಎಂಬ ಪಟ್ಟಿ ಅಲ್ಲಿ ಸಿಗುತ್ತದೆ. ಒಂದೊಂದನ್ನೇ ಓದಿ, ಒಂದು ಹಾಳೆಯಲ್ಲಿ ಮೂರು ಕಲಂ ಬರೆಯಿರಿ: ಆ್ಯಪಿನ ಹೆಸರು, ಅದಕ್ಕೆ ಕೊಟ್ಟಿರುವ ಅಧಿಕಾರ, ಅದರಿಂದ ನಮಗಿರುವ ಉಪಯೋಗ. ಮೂರನೆಯ ಕಲಂ ಖಾಲಿ ಉಳಿದರೆ ಆ ಸಂಪರ್ಕವನ್ನು ತೆಗೆದುಹಾಕಿ. ಎಂದೋ ಒಂದು ಆಟಕ್ಕೆಂದು ಕೊಟ್ಟ ಚೀಟಿ ಇನ್ನೂ ಕಾವಲುಗಾರನ ಕೈಯಲ್ಲಿರಬಹುದು.

ಒಪ್ಪಿಗೆಯ ಪುಟ ಬಂದಾಗ ಮೂರು ಪ್ರಶ್ನೆ ಸಾಕು. ಕೇಳುತ್ತಿರುವವರು ಯಾರು? ಏನನ್ನು ಕೇಳುತ್ತಿದ್ದಾರೆ? ಮಾಡುವ ಕೆಲಸಕ್ಕೆ ಅಷ್ಟು ಬೇಕೇ? ಪಟ್ಟಿ ತೋರಿಸುವ ಆ್ಯಪಿಗೆ ನಮ್ಮ ಹೆಸರಿನಲ್ಲಿ ಪತ್ರ ಕಳಿಸುವ ಅಧಿಕಾರ ಏಕೆ? ಉತ್ತರ ಸಿಗದಿದ್ದರೆ ಒತ್ತಬೇಡಿ.

ತಡೆ ಬಿದ್ದರೆ ಇನ್ನೊಂದು ಖಾತೆಯಿಂದ, ಇನ್ನೊಬ್ಬರ ಫೋನಿನಿಂದ ಮತ್ತೆ ಪ್ರಯತ್ನಿಸಬೇಡಿ. ಎಷ್ಟೋ ಮಕ್ಕಳು ಮಾಡುವುದು ಇದನ್ನೇ. ಮುಂಬಾಗಿಲು ಹಾಕಿದರೆ ಹಿತ್ತಿಲ ಬಾಗಿಲು ತೆರೆದುಕೊಟ್ಟ ಹಾಗೆ. ಬಂದ ಪತ್ರವನ್ನು ಅಳಿಸದೆ ಕಾಲೇಜಿನವರಿಗೆ ತೋರಿಸಿ. ಹಣ ಹೋಗಿದ್ದರೆ ತಡಮಾಡದೆ ರಾಷ್ಟ್ರೀಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಕೊನೆಗೆ ತಂದೆತಾಯಿಯರಿಗೆ ಒಂದು ಮಾತು. ಮಗಳು ಬಂದು ‘ಅಪ್ಪಾ, ಹಿಂಗೊಂದು ಬಂದಿತ್ತು, ನಾ ಒತ್ತೀನಿ’ ಎಂದಾಗ ‘ಯಾಕ ಒತ್ತಿದಿ? ಇನ್ನ ಫೋನ್ ಮುಟ್ಟಬ್ಯಾಡ’ ಎಂದು ಗದರುವುದು ಸುಲಭ. ಗದರಿದರೆ ಮುಂದಿನ ಸಲ ಅವಳು ಹೇಳುವುದಿಲ್ಲ. ಅವಳು ಹೇಳದಿದ್ದರೆ, ಅದೇ ಪತ್ರ ಬಂದಿರುವ ಅವಳ ಗೆಳತಿಯರಿಗೆ ಎಚ್ಚರಿಕೆ ಕೊಡುವವರು ಯಾರೂ ಇರುವುದಿಲ್ಲ. ಆ ವೇಳೆಗೆ ದಿನಚರಿಯ ಏಳು ದಿನವೂ ಕಳೆದಿರುತ್ತದೆ. ಸುರಕ್ಷತೆ ಕಲಿಸುವವರೇ ಬಿದ್ದ ಬಲೆ ಇದು. ಹದಿನೆಂಟರ ಹುಡುಗಿ ಅದರ ಹತ್ತಿರ ಹೋದದ್ದು ಅಪರಾಧವಲ್ಲ. ಹೋಗಿ ಬಂದು ಹೇಳಿದಳಲ್ಲ, ಅವಳು ಸಾಕ್ಷಿ. ಸಾಕ್ಷಿಯನ್ನು ಹೆದರಿಸಿದರೆ ಲಾಭ ಕಳ್ಳನಿಗೆ. ‘ಹೇಳಿದ್ದು ಚಲೋ ಆತು, ತೋರಿಸು ನೋಡೋಣ’ ಎನ್ನಿ. ಆ ಮನೆಗೆ ಅದಕ್ಕಿಂತ ದೊಡ್ಡ ಕಾವಲಿಲ್ಲ.